ಮಗು ಮನೆಯಲ್ಲೇ ಇರಲಿ: ನಿಸಿಚವಾಯಸಿಕ್ ಕ್ರೀ ಸಮುದಾಯದ ಕುಟುಂಬ ಸೇವೆ

ಮನೆಯಲ್ಲಿ ಕುಡಿತವೋ ಹೊಡೆದಾಟವೋ ಮಿತಿಮೀರಿ, ಮಗುವಿಗೆ ಅಲ್ಲಿ ರಕ್ಷಣೆಯಿಲ್ಲ ಎಂದು ತೀರ್ಮಾನವಾದ ದಿನ ಮನೆ ಬಿಟ್ಟು ಹೊರಡಬೇಕಾದವರು ಯಾರು? ಕೆನಡಾದ ಮಕ್ಕಳ ಕಲ್ಯಾಣ ವ್ಯವಸ್ಥೆ ದಶಕಗಳ ಕಾಲ ಮಗುವನ್ನೇ ಹೊರಡಿಸಿದೆ. ನಾಲ್ಕು ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಹೆಸರು ಗೊತ್ತಿಲ್ಲದವರ ಮನೆಗೆ, ಎಷ್ಟೋ ಸಲ ನೂರಾರು ಕಿಲೋಮೀಟರ್ ದೂರದ ನಗರಕ್ಕೆ ಕಳುಹಿಸಿದೆ. ಮ್ಯಾನಿಟೋಬ ಪ್ರಾಂತ್ಯದ ಉತ್ತರ ಭಾಗದಲ್ಲಿ, ಥಾಮ್ಸನ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ದೂರದ ನೆಲ್ಸನ್ ಹೌಸ್‌ನಲ್ಲಿ ನಿಸಿಚವಾಯಸಿಕ್ ಕ್ರೀ ಎಂಬ ಮೂಲನಿವಾಸಿ ಸಮುದಾಯ ನಡೆಸುವ ಕುಟುಂಬ ಮತ್ತು ಸಮುದಾಯ ಸ್ವಾಸ್ಥ್ಯ ಕೇಂದ್ರವು 2002ರಿಂದ ಈ ಪದ್ಧತಿಯನ್ನು ತಿರುಗಿಸಿಟ್ಟಿದೆ. ಅಲ್ಲಿ ಹೊರಡುವವರು ದೊಡ್ಡವರು; ಮಗು ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ಉಳಿಯುತ್ತದೆ. ಮಕ್ಕಳ ರಕ್ಷಣೆಯ ಏರ್ಪಾಡುಗಳ ಬಗ್ಗೆ ನಾನು ಓದಿ ತಿಳಿದಿರುವುದರಲ್ಲಿ ಇಷ್ಟು ನ್ಯಾಯವಾದದ್ದು ಇನ್ನೊಂದು ಕಾಣಲಿಲ್ಲವಾದ್ದರಿಂದ, ಇದರ ಗುಣವನ್ನೂ ಕೊರತೆಯನ್ನೂ ತೂಗಿ ನೋಡಬೇಕೆನ್ನಿಸಿತು.

ಸೇವೆ ನಡೆಯುವ ಬಗೆಯನ್ನು ಮೊದಲು ಹೇಳುತ್ತೇನೆ. ಮೂಲನಿವಾಸಿಗಳಿಗೆಂದು ಬಿಟ್ಟಿರುವ ಮೀಸಲು ಪ್ರದೇಶದಲ್ಲಿ ಮನೆಗಳು ಹೆಚ್ಚಾಗಿ ಒಬ್ಬೊಬ್ಬರ ಸ್ವಂತ ಆಸ್ತಿಯಾಗಿರದೆ ಸಮುದಾಯಕ್ಕೆ ಸೇರಿರುತ್ತವೆ. ಹೀಗಾಗಿ ಒಂದು ಮನೆಯಲ್ಲಿ ಯಾರಿರಬೇಕು, ಯಾರು ಕೆಲಕಾಲ ಇರಬಾರದು ಎಂದು ಹೇಳುವ ಅಧಿಕಾರ ಸಮುದಾಯದ ಮುಖ್ಯಸ್ಥರಿಗೂ ಮಂಡಳಿಗೂ ಇದೆ. ಆ ಅಧಿಕಾರವನ್ನು ಇಲ್ಲಿ ಮಗುವಿನ ಪರವಾಗಿ ಬಳಸುತ್ತಾರೆ. ಮನೆಯಲ್ಲಿ ಅಪಾಯವಿದೆ ಎಂದು ಖಚಿತವಾದಾಗ ತಂದೆತಾಯಿಯನ್ನು ಹೊರಗಿರುವಂತೆ ಹೇಳಿ, ಅವರ ಜಾಗಕ್ಕೆ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಕೇಂದ್ರದ ಆರೈಕೆ ಕಾರ್ಯಕರ್ತೆಯನ್ನೋ ಮನೆಗೆ ಕರೆತರುತ್ತಾರೆ. ಹೊರಗಿರುವ ತಂದೆತಾಯಿ ಆಪ್ತಸಲಹೆಯನ್ನೋ ಚಟಬಿಡಿಸುವ ಚಿಕಿತ್ಸೆಯನ್ನೋ ಪಡೆಯುತ್ತಾರೆ. ಇತ್ತ ಮಗುವಿಗೆ ಅದೇ ಶಾಲೆ, ಅದೇ ಗೆಳೆಯರು, ಅದೇ ನಾಯಿ, ಅದೇ ಕಿಟಕಿ. ತಾನೇನೋ ತಪ್ಪು ಮಾಡಿದ್ದರಿಂದ ತನ್ನನ್ನು ಕಳುಹಿಸಿಬಿಟ್ಟರು ಎಂದು ಎಳೆಯ ಮನಸ್ಸು ನಂಬಿಕೊಳ್ಳುವ ಸಂದರ್ಭವೇ ಇಲ್ಲಿ ಬರುವುದಿಲ್ಲ. ಈ ಸೇವೆಯ ಎಲ್ಲ ಗುಣಗಳಲ್ಲಿ ನಾನು ಅತ್ಯಂತ ಹೆಚ್ಚಿನ ಬೆಲೆ ಕೊಡುವುದು ಇದಕ್ಕೆ.

ಅಜ್ಜಿ ಅಥವಾ ಚಿಕ್ಕಮ್ಮ ಬಂದು ಮನೆ ಸೇರುವುದನ್ನು ಇಂಗ್ಲಿಷ್ ಕಡತಗಳು ತಾತ್ಕಾಲಿಕ ಆರೈಕೆ ಎಂದು ಬರೆದುಕೊಳ್ಳುತ್ತವೆ. ಕ್ರೀ ಭಾಷೆಯ ಬಂಧುಪದಗಳನ್ನು ನೋಡಿದರೆ ಅದು ತಾತ್ಕಾಲಿಕವೂ ಅಲ್ಲ, ಬದಲಿಯೂ ಅಲ್ಲ ಎಂಬುದು ಕನ್ನಡಿಗರಿಗೆ ಕೂಡಲೇ ತಿಳಿಯುತ್ತದೆ. ತಾಯಿಗೆ ‘ನಿಕಾವಿ’ ಎನ್ನುವ ಮಗು ತಾಯಿಯ ಸೋದರಿಯನ್ನು ‘ನಿಕಾವೀಸ್’ ಎನ್ನುತ್ತದೆ. ಅದರ ಅಕ್ಷರಶಃ ಅರ್ಥ ಚಿಕ್ಕ ತಾಯಿ, ಅಂದರೆ ನಮ್ಮ ಚಿಕ್ಕಮ್ಮ. ತಾಯಿಯ ಸೋದರನಿಗೂ ಹೆಂಡತಿಯ ಅಥವಾ ಗಂಡನ ತಂದೆಗೂ ‘ನಿಸಿಸ್’ ಎಂಬ ಒಂದೇ ಪದವಿದೆ, ನಾವು ಇಬ್ಬರನ್ನೂ ಮಾವ ಎನ್ನುವ ಹಾಗೆ. ತಂದೆಯ ಸೋದರಿ ಮತ್ತು ಹೆಂಡತಿಯ ಅಥವಾ ಗಂಡನ ತಾಯಿ ಇಬ್ಬರೂ ‘ನಿಸಿಕೊಸ್’. ಸೋದರಮಾವನ ಮಕ್ಕಳನ್ನು ಒಂದು ಬಗೆಯಾಗಿಯೂ ಚಿಕ್ಕಮ್ಮನ ಮಕ್ಕಳನ್ನು ಒಡಹುಟ್ಟಿದವರಂತೆಯೂ ಎಣಿಸುವ ಈ ಕ್ರಮವನ್ನು ಮಾನವಶಾಸ್ತ್ರಜ್ಞರು ದ್ರಾವಿಡ ಮಾದರಿಯೊಡನೆ ಹೋಲಿಸಿ ಚರ್ಚಿಸಿದ್ದಾರೆ. ಎರಡು ಭಾಷೆಗಳ ನಡುವೆ ರಕ್ತಸಂಬಂಧವೇನೂ ಇಲ್ಲ. ಆದರೂ, ಚಿಕ್ಕಮ್ಮನ ತೊಡೆಯ ಮೇಲೆ ನಿದ್ದೆಹೋದ ಮಗು ಪರರ ಮನೆಯಲ್ಲಿಲ್ಲ ಎಂಬುದನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಈ ನಂಟಿನ ಬಲೆಗೆ ಕ್ರೀ ಜನರು ‘ವಾಹ್ಕೋಹ್ತೋವಿನ್’ ಎನ್ನುತ್ತಾರೆ. ಮನುಷ್ಯರಷ್ಟೇ ಅಲ್ಲದೆ ನೆಲ, ನೀರು, ಪ್ರಾಣಿಗಳೂ ಅದರೊಳಗೆ ಬರುತ್ತವೆ. ಸಂಸ್ಕೃತಿಯ ಬೇರಿನ ಸೇವೆ ಎಂಬ ಮಾತನ್ನು ಗೋಡೆಗೆ ಹಚ್ಚಿದ ಚಿತ್ರಗಳಿಗೂ ಹಬ್ಬದ ದಿನದ ಡೋಲಿಗೂ ಸೀಮಿತಗೊಳಿಸಿದ ಸಂಸ್ಥೆಗಳಿಗೆ ಕೊರತೆಯಿಲ್ಲ. ಇಲ್ಲಿ ಮಾತ್ರ ಆ ಬೇರು ನಿರ್ಧಾರದ ಒಳಗೇ ಇಳಿದಿದೆ: ಮಗುವಿಗೆ ತಾಯಂದಿರು ಹಲವರಿರುವಾಗ ಒಬ್ಬಳು ಸೋತ ಮಾತ್ರಕ್ಕೆ ಅದು ತಬ್ಬಲಿಯಾಗುವುದಿಲ್ಲ.

ಈ ಮಾತಿನ ತೂಕ ಅರಿವಾಗಬೇಕಾದರೆ ಆ ಪ್ರಾಂತ್ಯದ ಹಿನ್ನೆಲೆಯನ್ನು ನೆನೆಯಬೇಕು. ಸರ್ಕಾರವೂ ಚರ್ಚುಗಳೂ ನಡೆಸಿದ ವಸತಿ ಶಾಲೆಗಳು ಮೂಲನಿವಾಸಿ ಮಕ್ಕಳನ್ನು ಭಾಷೆಯಿಂದಲೂ ಹೆತ್ತವರಿಂದಲೂ ಬೇರ್ಪಡಿಸಿದ ಮೇಲೆ, 1960ರ ದಶಕದಿಂದ ಕಲ್ಯಾಣ ಇಲಾಖೆಗಳು ಅದೇ ಕೆಲಸವನ್ನು ದತ್ತು ಎಂಬ ಹೆಸರಿನಲ್ಲಿ ಮುಂದುವರಿಸಿದವು. ಮ್ಯಾನಿಟೋಬದ ಮಕ್ಕಳನ್ನು ಅಮೆರಿಕದವರೆಗೂ ಕಳುಹಿಸಲಾಯಿತು. ವಿಚಾರಣೆ ನಡೆಸಿದ ನ್ಯಾಯಾಧೀಶ ಎಡ್ವಿನ್ ಕಿಮೆಲ್‌ಮನ್ ಅವರು 1985ರ ವರದಿಯಲ್ಲಿ ಇದನ್ನು ಸಾಂಸ್ಕೃತಿಕ ನರಮೇಧ ಎಂದೇ ಕರೆದರು. ಇಷ್ಟಾದರೂ ಇತ್ತೀಚಿನವರೆಗೂ ಆ ಪ್ರಾಂತ್ಯದಲ್ಲಿ ಸರ್ಕಾರದ ಪಾಲನೆಯಲ್ಲಿದ್ದ ಪ್ರತಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಮೂಲನಿವಾಸಿಗಳ ಮಕ್ಕಳು. ನಾರ್ವೇ ಹೌಸ್ ಕ್ರೀ ಸಮುದಾಯದ ಜೋರ್ಡನ್ ರಿವರ್ ಆಂಡರ್ಸನ್ ಎಂಬ ಮಗುವಿನ ಮನೆ ಆರೈಕೆಯ ಖರ್ಚನ್ನು ಯಾರು ಕೊಡಬೇಕೆಂದು ಒಕ್ಕೂಟ ಮತ್ತು ಪ್ರಾಂತ್ಯ ಸರ್ಕಾರಗಳು ವಾದಿಸುತ್ತಿದ್ದಾಗಲೇ, ಒಂದು ದಿನವೂ ತನ್ನ ಮನೆಯಲ್ಲಿ ಬಾಳದೆ, ಐದನೆಯ ವಯಸ್ಸಿನಲ್ಲಿ, 2005ರಲ್ಲಿ ಅದು ತೀರಿಕೊಂಡಿತು. ಮಗುವಿಗೆ ಬೇಕಾದ ಸೇವೆಯನ್ನು ಮೊದಲು ಕೊಡಬೇಕು, ಲೆಕ್ಕವನ್ನು ಆಮೇಲೆ ನೋಡಬೇಕು ಎಂಬ ‘ಜೋರ್ಡನ್ ತತ್ತ್ವ’ ಅದರ ಹೆಸರಿನಲ್ಲಿ ಬಂದದ್ದು. ತಮ್ಮ ಮಕ್ಕಳ ವಿಷಯದಲ್ಲಿ ಸ್ವಂತ ಕಾನೂನು ಮಾಡುವ ಮೂಲನಿವಾಸಿಗಳ ಹಕ್ಕನ್ನು ಒಪ್ಪಿದ ಒಕ್ಕೂಟ ಕಾಯಿದೆ 2020ರ ಜನವರಿ 1ರಂದು ಜಾರಿಗೆ ಬಂದಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನೆಲ್ಸನ್ ಹೌಸ್‌ನ ಜನರು ಆ ಕಾಯಿದೆಗಾಗಿ ಕಾಯದೆ ಹದಿನೆಂಟು ವರ್ಷ ಮೊದಲೇ ತಮ್ಮ ಕೈಯಲ್ಲಿದ್ದ ಅಧಿಕಾರದಿಂದಲೇ ದಾರಿ ಮಾಡಿಕೊಂಡರು.

ಕೇಂದ್ರದ ಕೆಲಸ ಇಷ್ಟಕ್ಕೇ ನಿಲ್ಲುವುದಿಲ್ಲ. ಶಿಶುಪಾಲನೆ, ಸಾರ್ವಜನಿಕ ಆರೋಗ್ಯ, ಆಪ್ತಸಲಹೆ, ಮಕ್ಕಳ ರಕ್ಷಣೆ ಎಲ್ಲವನ್ನೂ ಒಂದೇ ಸಂಸ್ಥೆ ನೋಡಿಕೊಳ್ಳುವುದರಿಂದ ಕಷ್ಟದಲ್ಲಿರುವ ತಾಯಿ ತನ್ನ ಕಥೆಯನ್ನು ನಾಲ್ಕು ಕಚೇರಿಗಳಲ್ಲಿ ನಾಲ್ಕು ಸಲ ಹೇಳಬೇಕಾಗಿಲ್ಲ. ಇದೇ ಊರಿನಲ್ಲಿ ನೆಲದ ಆಹಾರವನ್ನು ಒದಗಿಸುವ ಕಾರ್ಯಕ್ರಮವೂ ಇದೆ. ಬೇಟೆಯಾಡಿ, ಬಲೆ ಬೀಸಿ ತಂದ ಮೂಸ್ ಎಂಬ ದೊಡ್ಡ ಜಿಂಕೆಯ ಮಾಂಸವನ್ನೂ ಮೀನನ್ನೂ ಹಿರಿಯರಿಗೂ ಒಂಟಿ ತಾಯಂದಿರಿಗೂ ಹಂಚುತ್ತಾರೆ. ಎಳೆಯರು ಜೊತೆಗಿದ್ದು ಆ ಕೆಲಸ ಕಲಿಯುತ್ತಾರೆ. 1970ರ ದಶಕದಲ್ಲಿ ಜಲವಿದ್ಯುತ್ತಿಗಾಗಿ ಚರ್ಚಿಲ್ ನದಿಯನ್ನು ತಿರುಗಿಸಿದಾಗ ಈ ಊರಿನ ಸುತ್ತಲಿನ ನೀರೇರಿ, ದಡಗಳು ಮುಳುಗಿ, ಮೀನುಗಾರಿಕೆ ಹಾಳಾದದ್ದನ್ನು ಬಲ್ಲವರಿಗೆ, ಒಂದು ಹುಡುಗನ ಕೈಗೆ ಬಲೆ ಕೊಡುವುದು ಕುಟುಂಬ ಸೇವೆಯ ಭಾಗ ಹೇಗಾಗುತ್ತದೆ ಎಂಬುದು ಅರ್ಥವಾಗುತ್ತದೆ. ಕುಡಿತ, ಜಗಳ ಎಂದು ಕಡತದಲ್ಲಿ ಬರೆಯುವ ಎಷ್ಟೋ ಸಂಗತಿಗಳ ಬೇರು ಆ ಮುಳುಗಿದ ದಡಗಳಲ್ಲಿದೆ ಎಂದು ನನ್ನ ದೃಢವಾದ ಅಭಿಪ್ರಾಯ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಮೀಸಲು ಪ್ರದೇಶಗಳಲ್ಲಿ ಮನೆಗಳ ಅಭಾವ ಬಹಳ ಹಳೆಯದು. ಮನೆಯೊಂದರಲ್ಲಿ ಎರಡು ಮೂರು ಸಂಸಾರಗಳಿರುವ ಕಡೆ ಹೊರಗೆ ಹೋದ ತಂದೆ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧವಿರಬೇಕಾಗುತ್ತದೆ. ಚಳಿಗಾಲದಲ್ಲಿ ಮೈನಸ್ ಮೂವತ್ತು ಡಿಗ್ರಿಗೂ ಕೆಳಗಿಳಿಯುವ ನಾಡಿನಲ್ಲಿ ಇದು ಜೀವದ ಪ್ರಶ್ನೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಗುಟ್ಟು ಉಳಿಯುವುದು ಕಷ್ಟ, ಮುಖ್ಯಸ್ಥರ ನಂಟರ ಮನೆಯಲ್ಲೇ ತೊಂದರೆಯಾದಾಗ ನಿಷ್ಪಕ್ಷಪಾತವಾಗಿ ನಡೆಯುವುದು ಇನ್ನೂ ಕಷ್ಟ. ಮನೆ ಬಾಡಿಗೆಯದೋ ಸಾಲದ್ದೋ ಆಗಿರುವ ವಿನಿಪೆಗ್‌ನಂಥ ನಗರದಲ್ಲಿ ಇದೇ ಏರ್ಪಾಡನ್ನು ಇದ್ದ ಹಾಗೆಯೇ ತರಲಾಗದು, ಆದರೆ ಅಲ್ಲಿಯೂ ಕ್ರೀ ಮಕ್ಕಳು ಬಹಳ ಮಂದಿ ಇದ್ದಾರೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಅಜ್ಜಿಯ ವಿಷಯ; ಕ್ರೀ ಮಕ್ಕಳು ಅವಳನ್ನು ‘ಕೂಕುಮ್’ ಎನ್ನುತ್ತಾರೆ. ಮೀಸಲು ಪ್ರದೇಶದ ಮಕ್ಕಳ ಸೇವೆಗೆ ಒಕ್ಕೂಟ ಸರ್ಕಾರ ಕಡಿಮೆ ಹಣ ಕೊಟ್ಟು ತಾರತಮ್ಯ ಮಾಡಿದೆ ಎಂದು ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿ 2016ರಲ್ಲಿ ತೀರ್ಪು ಕೊಟ್ಟಾಗ, ಮಗುವನ್ನು ಮನೆಯಿಂದ ತೆಗೆದಮೇಲಿನ ಖರ್ಚು ಪೂರ್ತಿ ಸಿಗುತ್ತದೆ, ಮನೆಯಲ್ಲೇ ಉಳಿಸುವ ಕೆಲಸಕ್ಕೆ ಹಣ ಸಾಲದು ಎಂಬ ಲೋಪವನ್ನೂ ಎತ್ತಿ ತೋರಿಸಿತ್ತು. ಅಪರಿಚಿತ ಪಾಲಕರಿಗೆ ತಿಂಗಳು ತಿಂಗಳು ಸಿಗುವಷ್ಟು ಹಣ, ವಾರದ ಬಿಡುವು, ಔಷಧಿಯ ಖರ್ಚು ಇವೆಲ್ಲ ತನ್ನ ಮನೆಗೆ ಬೀಗ ಹಾಕಿ ಮೊಮ್ಮಕ್ಕಳ ಮನೆಗೆ ಬಂದು ಕೂರುವ ಕೂಕುಮ್‌ಗೂ ಸಿಗಲೇಬೇಕು. ಈ ಏರ್ಪಾಡನ್ನು ತಮ್ಮ ಊರಿಗೆ ತರಬೇಕೆಂದು ಯೋಚಿಸುವ ಯಾವ ಸಮುದಾಯವೇ ಆಗಲಿ, ತಂದೆತಾಯಿ ಹೊರಗಿದ್ದು ಮಲಗುವ ಕೋಣೆಯನ್ನೂ ಅಜ್ಜಿಯ ಕೈಗೆ ಬರಬೇಕಾದ ಹಣವನ್ನೂ ಮೊದಲ ದಿನದ ಲೆಕ್ಕದಲ್ಲೇ ಬರೆದಿಟ್ಟುಕೊಂಡು ಆಮೇಲೆ ಆರಂಭಿಸಬೇಕು.