ಹಳೆ ಗೋಡೆಗೆ ಚಿಪ್ಪಿನ ಸುಣ್ಣ: ತಂದು, ಅರಳಿಸಿ, ಮೆತ್ತಿ ನೋಡಿದ ಮೇಲೆ

ಸುಣ್ಣಕ್ಕೆ ಐದರಲ್ಲಿ ನಾಲ್ಕೂವರೆ. ಅಂಗಡಿಗೆ ಮೂರು. ಶಾಲೆಯಿಂದ ನಿವೃತ್ತಳಾದರೂ ಅಂಕ ಹಾಕುವ ಚಟ ಬಿಟ್ಟಿಲ್ಲ. ವಿಜ್ಞಾನದ ಟೀಚರ್ ಆಗಿದ್ದವಳು, ನಡುನಡುವೆ ಪಾಠವೂ ಬರಬಹುದು, ಸಹಿಸಿಕೊಳ್ಳಿ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಳೆ ಮನೆ. ಮಾವನ ಅಪ್ಪ ಕಟ್ಟಿಸಿದ್ದು. ಕೆಂಪುಕಲ್ಲಿನ ಗೋಡೆ, ಕಲ್ಲುಗಳ ನಡುವೆ ಮಣ್ಣು, ಮೇಲೆ ಸುಣ್ಣದ ಸಾರಣೆ, ಮಾಡಿಗೆ ಮಂಗಳೂರು ಹಂಚು. ಕಲ್ಲಿನ ಬಗ್ಗೆ ದೂರಿಲ್ಲ. ಬೇಕಲ ಕೋಟೆ ನಿಂತಿರುವುದೂ ಇದೇ ಕಲ್ಲಿನಲ್ಲಿ. ಆದರೆ ಚಾವಡಿಯ ಗೋಡೆ ನೆಲದಿಂದ ಸೊಂಟದ ಎತ್ತರದವರೆಗೆ ಉದುರುತ್ತಿತ್ತು. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಪುಡಿ. ಮಕ್ಕಳು ಫೋನಿನಲ್ಲಿ "ಯಾರನ್ನಾದ್ರೂ ಕರೆದು ಮಾಡಿಸಮ್ಮ" ಅನ್ನುತ್ತಾರೆ. ಅವರಿಗೇನು, ಹೇಳುವುದು ಸುಲಭ ಅಲ್ವಾ?

ಕರೆದು ಮಾಡಿಸಿದ್ದೂ ಆಗಿದೆ. ಕೆಲವು ವರ್ಷದ ಹಿಂದೆ ಒಬ್ಬ ಪೈಂಟಿಂಗ್ ಕಂಟ್ರಾಕ್ಟರ್ ಬಂದು, ಉದುರಿದ ಜಾಗಕ್ಕೆಲ್ಲ ಸಿಮೆಂಟು ಮೆತ್ತಿ, ಮೇಲೆ ವೈಟ್ ಸಿಮೆಂಟಿನ ಪುಟ್ಟಿ ಎಳೆದು, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆದು ಹೋದರು. ದೀಪಾವಳಿಗೆ ಗೋಡೆ ಕನ್ನಡಿ ತರಹ ಹೊಳೆಯುತ್ತಿತ್ತು. ಮುಂದಿನ ಮಳೆಗಾಲದ ಆಟಿ ತಿಂಗಳಿಗೆ ಪೈಂಟು ಅಲ್ಲಲ್ಲಿ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಳಗೆ ಒದ್ದೆ ಪುಡಿ. ಕಂಟ್ರಾಕ್ಟರಿಗೆ ಫೋನ್ ಮಾಡಿದರೆ, "ಅದು ನಿಮ್ಮ ಗೋಡೆಯ ದೋಷ ಟೀಚರ್" ಅಂದರು.

ಗೋಡೆಯ ದೋಷ ಅಲ್ಲ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ. ಹಳೆ ಮನೆಗಳ ತಳಪಾಯದಲ್ಲಿ ನೀರು ತಡೆಯುವ ಪದರ ಅಂತ ಏನೂ ಇಲ್ಲ. ಕೆಂಪುಕಲ್ಲಿನಲ್ಲಿ ತೂತುಗಳೇ ತೂತು. ನೆಲದ ತೇವ ಮೇಲೆ ಏರಿಯೇ ಏರುತ್ತದೆ. ಸುಣ್ಣದ ಸಾರಣೆ ಇದ್ದಾಗ ಆ ತೇವ ಅದರ ಮೂಲಕ ಹೊರಗೆ ಬಂದು ಆರಿಹೋಗುತ್ತಿತ್ತು. ಸಿಮೆಂಟು ಹಾಕಿ ಆ ದಾರಿ ಮುಚ್ಚಿದರೆ ನೀರು ಇನ್ನೂ ಮೇಲೆ ಏರುತ್ತದೆ. ಜೊತೆಗೆ ಬಂದ ಉಪ್ಪು ಪೈಂಟಿನ ಹಿಂದೆ ಹರಳುಗಟ್ಟಿ ಪದರವನ್ನು ಕಿತ್ತು ಎಸೆಯುತ್ತದೆ. ಇನ್ನು ಪುಟ್ಟಿ ಇರುವುದೇ ಸಿಮೆಂಟ್ ಸಾರಣೆ ಮಾಡಿದ ಸಮತಟ್ಟು ಗೋಡೆಗೆ, ಅದೂ ಎರಡು ಕೋಟ್ ಸೇರಿ ಸುಮಾರು 1.5 ಮಿಲಿಮೀಟರ್ ದಪ್ಪಕ್ಕೆ. ನಮ್ಮ ಗೋಡೆಯ ಗುಂಡಿಗಳಲ್ಲಿ ಹೆಬ್ಬೆರಳೇ ಮುಳುಗುತ್ತದೆ. ಪುಟ್ಟಿ ಕೆಟ್ಟ ಮಾಲು ಅಂತ ನಾನು ಹೇಳುತ್ತಿಲ್ಲ. ತಂಗಿಯ ಹೊಸ ಟೆರೇಸ್ ಮನೆಯಲ್ಲಿ ಅದು ಚೆನ್ನಾಗಿಯೇ ಕೂತಿದೆ. ಹಳೆ ಮನೆಗೆ ಅದು ಆಗುವುದಿಲ್ಲ, ಅಷ್ಟೆ.

ಹಾಗಾಗಿ ಈ ಸಲ ಚಿಪ್ಪಿನ ಸುಣ್ಣ.

ಅಂಗಡಿ ಇರುವುದು ಕುಂಬಳೆಯ ಕಡೆ. ಬೋರ್ಡು ಇಲ್ಲ, ನಾನೂ ಹೆಸರು ಹಾಕುವುದಿಲ್ಲ. ಮೈಲುತುತ್ತು, ಹಗ್ಗ, ಸ್ಪ್ರೇ ಪಂಪಿನ ವಾಷರು, ಗೋಣಿಚೀಲ, ಮೂಲೆಯಲ್ಲಿ ಸುಣ್ಣ. ಅವರ ವ್ಯಾಪಾರವೆಲ್ಲ ಅಡಿಕೆ ತೋಟದವರ ಜೊತೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬೇಕಲ್ಲ, 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಅಂಗಡಿಯ ಕಾಕ ನನ್ನನ್ನು ನೋಡಿ, "ಅಡಿಕೆಗಾ ಟೀಚರೇ?" ಅಂತ ಕೇಳಿದರು. ಅಲ್ಲ, ಗೋಡೆಗೆ ಅಂದೆ. "ಗೋಡೆಗೆ ಈಗ ಯಾರೂ ಕೇಳುದಿಲ್ಲ" ಅಂತ ನಕ್ಕರು. ಆಮೇಲೆ ತಾವಾಗಿಯೇ ಎದ್ದು ಬಂದು ಎರಡು ಬಗೆ ತೋರಿಸಿದರು. ಒಂದು, ಚೀಲದಲ್ಲಿ ಬರುವ ಪುಡಿ ಸುಣ್ಣ. ಇನ್ನೊಂದು, ಮುಚ್ಚಿದ ತಗಡಿನ ಡಬ್ಬದಲ್ಲಿ ಸುಟ್ಟ ಚಿಪ್ಪು, ನೀರು ಹಾಕದ್ದು.

ಪುಡಿ ಸುಣ್ಣದಲ್ಲಿ ಒಂದು ತೊಂದರೆ. ಚೀಲ ಹಳತಾದ ಹಾಗೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಿನ ಪುಡಿಯೇ ಆಗಿಬಿಡುತ್ತದೆ. ನೋಡುವುದಕ್ಕೆ ಬೆಳ್ಳಗೇ ಇರುತ್ತದೆ, ಗೋಡೆಗೆ ಹಿಡಿಯುವ ಶಕ್ತಿ ಮಾತ್ರ ಹೋಗಿರುತ್ತದೆ. ಜೀವ ಇದೆಯೋ ಇಲ್ಲವೋ ಅಂತ ತಿಳಿಯಲು ಮನೆಯಿಂದ ಒಂದು ಚಿಟಿಕೆ ಅರಿಸಿನ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಆರತಿಗೆ ಅರಿಸಿನ, ಸುಣ್ಣ ಸೇರಿಸಿ ಕೆಂಪು ಕುರುದಿ ನೀರು ಕಲಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಒಳ್ಳೆ ಸುಣ್ಣಕ್ಕೆ ಅರಿಸಿನ ತಾಗಿದರೆ ರಕ್ತಗೆಂಪು. ಸತ್ತ ಸುಣ್ಣಕ್ಕೆ ಹಾಕಿದರೆ ಹಳದಿಯಾಗಿಯೇ ಉಳಿಯುತ್ತದೆ, ಹೆಚ್ಚೆಂದರೆ ಸ್ವಲ್ಪ ಕಂದು. ಅಂಗಡಿಯ ಕಟ್ಟೆಯಲ್ಲೇ ಎರಡೂ ಸುಣ್ಣವನ್ನು ಒಂದೊಂದು ಹನಿ ನೀರಿನಲ್ಲಿ ಕಲಸಿ ನೋಡಿದೆ. ಚೀಲದ್ದು ಕಂದು. ಡಬ್ಬದ್ದು ಕೆಂಪೋ ಕೆಂಪು. ಕಾಕನ ಮುಖ ಸ್ವಲ್ಪ ಸಣ್ಣದಾಯಿತು. ಚೀಲವನ್ನು ಪಕ್ಕಕ್ಕೆ ತಳ್ಳಿ, "ಅದು ಹೋದ ವರ್ಷದ್ದು" ಅಂದರು. ಮೊದಲೇ ಹೇಳಬಹುದಿತ್ತು. ಅಂಗಡಿಗೆ ಅಂಕ ಕಮ್ಮಿಯಾದದ್ದು ಅಲ್ಲಿಂದಲೇ.

ಸುಟ್ಟ ಚಿಪ್ಪು ನೋಡುವುದೇ ಒಂದು ಚೆಂದ. ಹೊಳೆಯ ಅಳಿವೆಯಲ್ಲಿ ಸಿಗುವ ಮರುವಾಯಿ ಚಿಪ್ಪನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಬಿಸಿಗೆ ಸುಟ್ಟಿರುತ್ತಾರೆ. ಆದರೂ ಆಕಾರ ಹಾಗೇ ಇರುತ್ತದೆ. ಬೆನ್ನಿನ ಗೆರೆಗಳನ್ನೂ ಎಣಿಸಬಹುದು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಮನೆಯಲ್ಲಿ ಹಳೆ ಕಬ್ಬಿಣದ ಕೊಪ್ಪರಿಗೆಗೆ ಅರ್ಧ ನೀರು ತುಂಬಿಸಿ ಒಂದೊಂದೇ ಹಿಡಿ ಹಾಕಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚಿಪ್ಪು ಸುಯ್ ಎಂದು ಸದ್ದು ಮಾಡಿ, ಗೆರೆಗುಂಟ ಬಿರಿದು, ಕುಸಿದು ಬಿಳಿ ಬಗ್ಗಡ ಆಗುತ್ತದೆ. ನೀರು ಕೊತಕೊತ ಕುದಿಯುತ್ತದೆ, ಕೆಳಗೆ ಬೆಂಕಿಯೇ ಇಲ್ಲದೆ. ಶಾಲೆಯ ಲ್ಯಾಬಿನಲ್ಲಿ ಇದನ್ನು ಬೀಕರಿನಲ್ಲಿ ಮಾಡಿ ತೋರಿಸಿದ್ದುಂಟು. ಕೊಪ್ಪರಿಗೆಯಲ್ಲಿ ನೋಡುವ ಮಜಾ ಬೇರೆ.

ಇಲ್ಲಿ ಹುಷಾರು. ನೀರಿಗೆ ಚಿಪ್ಪು ಹಾಕಬೇಕು, ಚಿಪ್ಪಿಗೆ ನೀರು ಸುರಿಯಬಾರದು, ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಾಲ್ದಿ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್, ಉದ್ದ ತೋಳಿನ ಅಂಗಿ ಬೇಕೇ ಬೇಕು. ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಡಾಕ್ಟರ ಹತ್ತಿರ ಓಡಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಆ ದಿನ ಅಜ್ಜಿಮನೆಗೆ ಕಳಿಸಿ. ಅಂಗಡಿಯವರು ಇದನ್ನೊಂದೂ ಹೇಳುವುದಿಲ್ಲ, ಡಬ್ಬದ ಮೇಲೂ ಬರೆದಿಲ್ಲ.

ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮುಚ್ಚಳ ಇರುವ ಡ್ರಮ್ಮಿಗೆ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಇಟ್ಟುಬಿಟ್ಟೆ. ನೀರಿನ ಅಡಿಯಲ್ಲಿದ್ದರೆ ಗಾಳಿ ತಾಗುವುದಿಲ್ಲ, ಎಷ್ಟು ದಿನ ಇಟ್ಟರೂ ಗಟ್ಟಿಯಾಗುವುದಿಲ್ಲ. ಹಳತಾದಷ್ಟೂ ಬೆಣ್ಣೆಯ ಹದಕ್ಕೆ ಬರುತ್ತದೆ. ಹಾಗಾಗಿ ನನ್ನ ಲೆಕ್ಕ ಹೀಗೆ: ಅಡಿಕೆಗೆ ಮದ್ದು ಬಿಡುವ ಕಾಲಕ್ಕೆ ಹೊಸ ಚಿಪ್ಪು ಬಂದಿರುತ್ತದೆ, ಆಗ ಕೊಂಡು ಅರಳಿಸಿ ಇಡುವುದು. ಮಳೆಗಾಲವಿಡೀ ಅದು ಡ್ರಮ್ಮಿನಲ್ಲಿ ಪಕ್ವವಾಗಲಿ. ಹಿಂಗಾರಿನ ತುಲಾ ಮಳೆ ಕಳೆದು ನವೆಂಬರಿನಲ್ಲಿ ಗೋಡೆ ಸ್ವಲ್ಪ ಆರಿದ ಮೇಲೆ ಕೆಲಸಕ್ಕೆ ಇಳಿಯುವುದು. ಬೇಸಿಗೆಯಲ್ಲಿ ಮಾಡಿದರೆ ಬೇಗ ಒಣಗಿ ಬಿರುಕು ಬಿಡುತ್ತದೆ.

ಮೆತ್ತುವ ಮೊದಲು ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ. ನಮ್ಮಲ್ಲಿ ಒಂದು ಹಂಚು ಒಡೆದಿತ್ತು, ಅದು ಸಣ್ಣ ವಿಷಯ. ದೊಡ್ಡದು ಅಂಗಳ. ವರ್ಷ ವರ್ಷ ಮಣ್ಣು ಹಾಕಿ ಹಾಕಿ ಅಂಗಳವೇ ಒಳಗಿನ ನೆಲಕ್ಕಿಂತ ಮೇಲೆ ಬಂದಿತ್ತು. ಗೋಡೆಗುಂಟ ಆ ಮಣ್ಣು ತೆಗೆಸಿದ್ದೇ ಅರ್ಧ ರಿಪೇರಿ. ಈಗ ಎಲ್ಲರ ಅಂಗಳಕ್ಕೂ ಇಂಟರ್‌ಲಾಕ್ ಬರುತ್ತಿದೆ. ಗೋಡೆಯ ಬುಡದವರೆಗೂ ಅದನ್ನು ಕೂರಿಸಿ, ಆಮೇಲೆ ಒಳಗೆ ತೇವ ಅಂತ ಗೋಳಾಡುವವರನ್ನು ನೋಡಿದರೆ ಏನು ಹೇಳುವುದು!

ಹಳೆ ಸಿಮೆಂಟ್ ತೇಪೆಗಳನ್ನು ಉಳಿ, ಸುತ್ತಿಗೆ ಹಿಡಿದು ಕಿತ್ತೆ. ಇಡೀ ಕೆಲಸದಲ್ಲಿ ಬೆವರು ಇಳಿಸಿದ್ದು ಇದೇ. ಗೋಡೆಯನ್ನು ಗೆಣ್ಣಿನಿಂದ ತಟ್ಟುತ್ತಾ ಹೋದರೆ ಪೊಳ್ಳು ಜಾಗ ಡಬಡಬ ಅನ್ನುತ್ತದೆ, ಅಲ್ಲಿಯವರೆಗೂ ಕೀಳಬೇಕು. ಗಟ್ಟಿಯಿರುವ ಹಳೆ ಸುಣ್ಣದ ಸಾರಣೆಯನ್ನು ಮುಟ್ಟಬೇಡಿ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಹೊಯಿಗೆ, ಅಂದರೆ ಮರಳು. ಹೊಯಿಗೆ ದೊರಗು ಇರಬೇಕು, ತೊಳೆದದ್ದಿರಬೇಕು. ಕಡಲ ಹೊಯಿಗೆ ಬೇಡವೇ ಬೇಡ, ಉಪ್ಪಿನ ಕಾಟ ತಪ್ಪಿಸಲು ಹೊರಟು ಉಪ್ಪನ್ನೇ ತಂದು ಮೆತ್ತಿದ ಹಾಗಾಗುತ್ತದೆ. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಸೇರಿಸಿದೆ. ಹಿಂದಿನ ಕಾಲದಲ್ಲಿ ಬೆಲ್ಲದ ನೀರು, ಅಣಲೆಕಾಯಿ ನೀರು ಎಲ್ಲ ಹಾಕುತ್ತಿದ್ದರು. ನಾನು ಬೆಲ್ಲ ಹಾಕಲಿಲ್ಲ, ಇರುವೆಗಳಿಗೆ ಹಬ್ಬ ಆದೀತು ಅಂತ.

ಗೋಡೆಯನ್ನು ಚೆನ್ನಾಗಿ ಒದ್ದೆ ಮಾಡಿಯೇ ಮೆತ್ತಬೇಕು. ಇಲ್ಲದಿದ್ದರೆ ಕೆಂಪುಕಲ್ಲು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಒಂದು ಸಲಕ್ಕೆ ಒಂದು ಸೆಂಟಿಮೀಟರಿಗಿಂತ ದಪ್ಪ ಬೇಡ. ಆಳದ ಗುಂಡಿಗೆ ಗಾರೆಯ ಜೊತೆ ಕಲ್ಲಿನ ಚೂರು ಕೂರಿಸಿ, ಮೊದಲ ಪದರ ಬಿಗಿದ ಮೇಲೆ ಮೊಳೆಯಿಂದ ಗೀರಿ, ಎರಡನೆಯದು ಹಾಕಿ. ಕರಣೆ ಹಿಡಿದು ಅಭ್ಯಾಸ ಇಲ್ಲದವರಿಗೂ ಸುಣ್ಣದ ಗಾರೆ ಒಳ್ಳೆಯದು. ಸಿಮೆಂಟಿನ ಹಾಗೆ ಅವಸರ ಮಾಡಿಸುವುದಿಲ್ಲ. ಮಧ್ಯೆ ಎದ್ದು ಹೋಗಿ ಚಹಾ ಕುಡಿದು, ಫೋನಿನಲ್ಲಿ ಮಾತಾಡಿ ಬಂದರೂ ಬಾಲ್ದಿಯ ಗಾರೆ ಹಾಗೇ ಇರುತ್ತದೆ. ಮರುದಿನ ಕೂದಲೆಳೆಯ ಬಿರುಕು ಕಾಣಿಸಿದರೆ ಹೆದರಬೇಡಿ. ನೀರು ಚಿಮುಕಿಸಿ ಮರದ ತುಂಡಿನಿಂದ ಒತ್ತಿ ಉಜ್ಜಿದರೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಒದ್ದೆ ಗೋಣಿ ನೇತುಹಾಕಿ. ಸುಣ್ಣ ಗಟ್ಟಿಯಾಗುವುದು ಒಣಗಿ ಅಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ. ಅದಕ್ಕೆ ಸ್ವಲ್ಪ ತೇವ ಬೇಕು, ಜಾಸ್ತಿ ತಾಳ್ಮೆ ಬೇಕು. ವಾರಗಟ್ಟಲೆ ಉಗುರು ನಾಟುತ್ತದೆ. ನಮ್ಮ ಭಾವ ಬಂದು ಉಗುರು ಒತ್ತಿ ನೋಡಿ, "ಇದು ನಿಲ್ಲುದಿಲ್ಲ ಅತ್ತಿಗೆ" ಅಂತ ತೀರ್ಪು ಕೊಟ್ಟು ಹೋಗಿದ್ದರು. ಮಳೆಗಾಲ ಮುಗಿದ ಮೇಲೆ ಬಂದು ಮತ್ತೆ ಒತ್ತಿದರು, ಏನೂ ಹೇಳಲಿಲ್ಲ.

ಮೇಲಿನ ಬಳಿತಕ್ಕೂ ಇದೇ ಸುಣ್ಣ, ಹಾಲಿನಷ್ಟು ತೆಳ್ಳಗೆ ಮಾಡಿ. ಬಳಿಯುವಾಗ ಏನೂ ಬಳಿದ ಹಾಗೆ ಕಾಣುವುದಿಲ್ಲ. ಒದ್ದೆ ಗೋಡೆ ಅಷ್ಟೇ. ಆರುತ್ತಾ ಆರುತ್ತಾ ಬಿಳುಪು ಮೇಲೆದ್ದು ಬರುತ್ತದೆ. ದಪ್ಪ ಬಳಿದರೆ ಹೊಪ್ಪಳೆ ಏಳುತ್ತದೆ, ತೆಳ್ಳಗೆ ಮೂರು ನಾಲ್ಕು ಸಲ ಬಳಿಯುವುದೇ ಸರಿ. ಚಿಟಿಕೆ ನೀಲಿ ಹಾಕಿದರೆ ಹಳದಿ ಛಾಯೆ ಕಾಣುವುದಿಲ್ಲ.

ಅರ್ಧ ಅಂಕ ಕಳೆದದ್ದು ಯಾಕೆ ಅಂದರೆ, ಒರಗಿ ಕೂತವರ ಅಂಗಿಯ ಬೆನ್ನಿಗೆಲ್ಲ ಬಿಳಿ ಹಿಡಿಯುತ್ತದೆ. ಗಂಜಿ ತಿಳಿಯನ್ನೋ ಅಂಟನ್ನೋ ಸೇರಿಸಿದರೆ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಚಾವಡಿಯ ಬೆಂಚನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು ಇಟ್ಟಿದ್ದೇನೆ. ಒದ್ದೆ ಬಟ್ಟೆಯಿಂದ ಒರೆಸುವ ಹಾಗಿಲ್ಲ. ಬಚ್ಚಲುಕೋಣೆಗೆ, ಪಾತ್ರೆ ತೊಳೆಯುವ ಜಾಗಕ್ಕೆ ಇದು ಬೇಡ. ಮಳೆಗಾಲದಲ್ಲಿ ಗೋಡೆಯ ಬುಡ ಈಗಲೂ ಸ್ವಲ್ಪ ಕಪ್ಪಾಗುತ್ತದೆ, ಬಿಸಿಲು ಬಂದರೆ ತಾನೇ ಬಿಳಿಯಾಗುತ್ತದೆ. ಉಬ್ಬಿಲ್ಲ, ಉದುರಿಲ್ಲ. ಬೂಷ್ಟಿನ ವಾಸನೆಯೂ ಹೋಗಿದೆ.

ಖರ್ಚು? ಸುಣ್ಣ, ಹೊಯಿಗೆ, ನಾರು ಎಲ್ಲ ಸೇರಿದರೂ ಆ ಕಂಟ್ರಾಕ್ಟರು ತಗೊಂಡ ಅಡ್ವಾನ್ಸಿನಷ್ಟೂ ಆಗಲಿಲ್ಲ. ಕೈಕೆಲಸ ನನ್ನದೇ. ಎತ್ತುವುದಕ್ಕೆ, ಕಲಸುವುದಕ್ಕೆ ಪಕ್ಕದ ಮನೆಯ ಹುಡುಗ ಬರುತ್ತಿದ್ದ.

ಅಂಗಡಿಗೆ ಹೋಗುವವರಿಗೆ ಇಷ್ಟು ಹೇಳುತ್ತೇನೆ. ಬಿಲ್ಲು ಕೊಡುವುದಿಲ್ಲ. ತೂಕ ನಿಮ್ಮ ಕಣ್ಣೆದುರೇ ಹಾಕಿಸಿ, ಡಬ್ಬದ ತೂಕ ಕಳೆಯಲು ಅವರು ಮರೆಯುವುದುಂಟು. ಸರಿಯಾಗಿ ಸುಡದ ಚಿಪ್ಪು ನಡುವೆ ಇರುತ್ತದೆ, ಅದು ನೀರಿನಲ್ಲಿ ಅರಳದೆ ಅಡಿಯಲ್ಲಿ ಉಳಿಯುತ್ತದೆ. ಸ್ವಲ್ಪ ಆದರೆ ಸರಿ, ಜಾಸ್ತಿ ಇದ್ದರೆ ವಾಪಸು ಕೊಡಿ. ಕಾಕ ಗೊಣಗುತ್ತಾರೆ, ಆದರೆ ಬದಲಿಸಿ ಕೊಡುತ್ತಾರೆ. ಗೂಗಲ್ ಪೇ ಇದೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬ ಮನೆಯಿಂದಲೇ ಒಯ್ಯಿರಿ, ದಾರಿಯಲ್ಲಿ ಮಳೆಹನಿ ಒಳಗೆ ಹೋದರೆ ಸ್ಕೂಟರಿನ ಮೇಲೆಯೇ ಅರಳಲು ಶುರುವಾಗುತ್ತದೆ. ಮೇ ಕೊನೆಯೊಳಗೆ ಹೋದರೆ ಒಳ್ಳೆಯದು. ಜೂನ್ ಬಂದರೆ ಅಡಿಕೆಯವರ ಸಾಲು, ಗೋಡೆಯವರನ್ನು ಆಗ ಯಾರೂ ಕೇಳುವುದಿಲ್ಲ.