ಮೂರು ವರ್ಷ ಆಂಕಿ ಬಳಸಿದ ಮೇಲೆ: ಕನ್ನಡ ಮೀಡಿಯಂ ಮಗಳು, ಇಂಗ್ಲಿಷ್ ಪದಗಳು

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಪದ ನೆನಪಿಟ್ಟುಕೊಳ್ಳಲು ನನ್ನ ಫೋನಿಗೆ ಆಂಕಿ ಅನ್ನುವ ಕಾರ್ಡ್ ಆಪ್ ಹಾಕಿಕೊಂಡೆವು. ಈಗ ಅವಳು ಫಸ್ಟ್ ಪಿಯುಸಿ ಸೈನ್ಸ್. ಮೂರು ವರ್ಷಕ್ಕೂ ಜಾಸ್ತಿ ಆಯಿತು. ಇಷ್ಟು ದಿನ ಬಳಸಿದ ಮೇಲೆ ಏನು ಉಳಿಯಿತು, ಏನು ಉಪಯೋಗಕ್ಕೆ ಬರಲಿಲ್ಲ ಅಂತ ಹೇಳುತ್ತೇನೆ.

ನಾವಿರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅವಳು ಓದಿದ್ದು ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ನಾನೂ ಹಾಗೇ ಓದಿದವಳು. ಪಿಯುಸಿಗೆ ಸೇರಿದ ಮೊದಲ ತಿಂಗಳು ಸುಮ್ನೆ ಬೋರ್ಡ್ ನೋಡುತ್ತಾ ಕೂತಿರುತ್ತಿದ್ದೆ. ವಿಷಯ ಗೊತ್ತಿತ್ತು, ಪದ ಗೊತ್ತಿರಲಿಲ್ಲ. ದ್ಯುತಿಸಂಶ್ಲೇಷಣೆ ಅಂದರೆ ಪಟಪಟ ಹೇಳುತ್ತಿದ್ದೆ, ಫೋಟೊಸಿಂಥೆಸಿಸ್ ಅಂದರೆ ತಲೆ ತಗ್ಗಿಸುತ್ತಿದ್ದೆ. ಆ ಪಾಡು ಮಗಳಿಗೆ ಬರಬಾರದು ಅನ್ನುವುದೊಂದೇ ಆಸೆ.

ಆಂಕಿ ಅಂದರೆ ಜಪಾನಿ ಭಾಷೆಯಲ್ಲಿ ಬಾಯಿಪಾಠ. ಡೇಮಿಯನ್ ಎಲ್ಮ್ಸ್ ಅನ್ನುವವರು 2006ರಲ್ಲಿ ಹೊರತಂದದ್ದು. ಕಾರ್ಡಿನ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಉತ್ತರ ನೋಡಿದ ಮೇಲೆ ಅಗೇನ್, ಹಾರ್ಡ್, ಗುಡ್, ಈಸಿ ಅಂತ ನಾಲ್ಕು ಬಟನ್. ನೆನಪಿದ್ದ ಪದ ಮೊದಲು ಮಾರನೇ ದಿನ ಬರುತ್ತದೆ. ಆಮೇಲೆ ಎರಡು ಮೂರು ದಿನ, ವಾರ, ಹದಿನೈದು ದಿನ, ಹೀಗೆ ಅಂತರ ಜಾಸ್ತಿಯಾಗುತ್ತಾ ಹೋಗುತ್ತದೆ. ಮರೆತ ಪದ ಮತ್ತೆ ಬೇಗ ಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಉಚಿತ. ಐಫೋನಿಗೆ ಮಾತ್ರ ದುಡ್ಡು ಕೊಡಬೇಕು. ಕಾರ್ಡ್ ನೋಡಲು ನೆಟ್‌ವರ್ಕ್ ಬೇಡ. ಮಳೆಗಾಲದಲ್ಲಿ ವಾರಗಟ್ಟಲೆ ಸಿಗ್ನಲ್ ಇಲ್ಲದ ನಮ್ಮಂಥ ಊರಿಗೆ ಇದು ದೊಡ್ಡ ಉಪಕಾರ.

ಶುರುವಿನಲ್ಲಿ ತಪ್ಪು ಮಾಡಿದೆವು. ಯಾರೋ ಮಾಡಿಟ್ಟಿದ್ದ ಸಾವಿರಾರು ಪದಗಳ ರೆಡಿಮೇಡ್ ಕಟ್ಟು ಇಳಿಸಿಕೊಂಡೆವು. ವಿದೇಶಕ್ಕೆ ಓದಲು ಹೋಗುವವರ ಪರೀಕ್ಷೆಗೆ ಮಾಡಿದ್ದು ಅದು. ಆಬ್ಸೀಕ್ವಿಯಸ್, ಆಬ್ರೊಗೇಟ್ ಅಂತೆಲ್ಲ ಪದಗಳು. ಎಂಟನೇ ಕ್ಲಾಸಿನ ಹುಡುಗಿಗೆ ಅವು ಯಾತಕ್ಕೆ? ಆಪ್ ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುವಂತೆ ಇರುತ್ತದೆ. ನಾವು ಅದನ್ನು ಹಾಗೇ ಬಿಟ್ಟೆವು. ಹಳೆಯದೂ ಸೇರಿ ಹತ್ತೇ ದಿನಕ್ಕೆ ರಾಶಿ ಬಿತ್ತು. ಫೋನ್ ಕೊಟ್ಟರೆ ಅಳುವ ಹಾಗಾಯಿತು ಮಗು. ಅಷ್ಟನ್ನೂ ಅಳಿಸಿ, ಹೊಸ ಕಾರ್ಡ್ ದಿನಕ್ಕೆ ಐದೇ ಅಂತ ಸೆಟ್ಟಿಂಗ್ ಬದಲಾಯಿಸಿದೆವು. ಈವತ್ತಿಗೂ ಐದೇ. ದಿನಕ್ಕೆ ಹದಿನೈದು ನಿಮಿಷ ಸಾಕು.

ಆಮೇಲೆ ಕಾರ್ಡ್‌ಗಳನ್ನು ನಾವೇ ಬರೆಯತೊಡಗಿದೆವು. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ವಿಜ್ಞಾನದ ಪುಸ್ತಕದಲ್ಲಿ ಅದೇ ಪಾಠ, ಅದೇ ಚಿತ್ರ, ಭಾಷೆ ಮಾತ್ರ ಬೇರೆ. ಅವಳ ಕನ್ನಡ ಪುಸ್ತಕ ಈ ಕಡೆ, ಇಂಗ್ಲಿಷಿನದು ಆ ಕಡೆ ಇಟ್ಟುಕೊಂಡು ಕೂತರೆ ಎಷ್ಟೊಂದು ಸಿಕ್ಕಿತು! ಸಲ್ಯೂಷನ್ ಅಂದರೆ ರಸಾಯನಶಾಸ್ತ್ರದಲ್ಲಿ ದ್ರಾವಣ, ಗಣಿತದಲ್ಲಿ ಪರಿಹಾರ. ಸೆಲ್ ಅಂದರೆ ಒಂದು ಪಾಠದಲ್ಲಿ ಜೀವಕೋಶ, ಇನ್ನೊಂದರಲ್ಲಿ ವಿದ್ಯುತ್ಕೋಶ. ವೇಗದ್ದಂತೂ ನಮ್ಮನ್ನು ತುಂಬಾ ಕಾಡಿತು. ಮನೆಯಲ್ಲಿ ನಾವು ವೇಗ ಅನ್ನುವುದು ಇಂಗ್ಲಿಷಿನ ಸ್ಪೀಡ್. ಪುಸ್ತಕದಲ್ಲಿ ಸ್ಪೀಡಿಗೆ ಜವ, ವೇಗ ಅಂದರೆ ವೆಲಾಸಿಟಿ. ಎರಡೂ ಪುಸ್ತಕ ಎದುರಿಗೆ ಇಲ್ಲದಿದ್ದರೆ ವೇಗ ಅಂದರೆ ಸ್ಪೀಡ್ ಅಂತಲೇ ಕಾರ್ಡ್ ಮಾಡಿಬಿಡುತ್ತಿದ್ದೆ.

ಕಾರ್ಡ್ ಬರೆಯುವ ರೀತಿಯೂ ಕಲಿಯಬೇಕಾದ ಕೆಲಸವೇ. ಬಾರೋ, ಲೆಂಡ್ ಎರಡಕ್ಕೂ ನಾನು ಸಾಲ ಅಂತ ಬರೆದಿದ್ದೆ. ಅವಳು ದಿನಾ ತಪ್ಪುತ್ತಿದ್ದಳು. ಒಂದು ಕಾರ್ಡ್ ಎಂಟು ಸಲ ಮರೆತರೆ ಆಂಕಿ ಅದಕ್ಕೆ ಲೀಚ್ ಅಂತ ಗುರುತು ಹಾಕುತ್ತದೆ. ಲೀಚ್ ಅಂದರೆ ನಮ್ಮ ಉಂಬಳ, ರಕ್ತ ಹೀರುವ ಜಿಗಣೆ. ಸಮಯ ಹೀರುವ ಕಾರ್ಡ್ ಅಂತ ಅರ್ಥ. ಎರಡೂ ಲೀಚ್ ಆದವು. "ಅಮ್ಮ, ಎರಡಕ್ಕೂ ಒಂದೇ ಅರ್ಥ ಬರ್ದಿದೀಯಲ್ಲ, ನಾನು ಹೆಂಗೆ ಹೇಳ್ಲಿ?" ಅಂದಳು. ಅವಳು ಹೇಳಿದ್ದೇ ಸರಿ. ಆವತ್ತು ಬೆಳಿಗ್ಗೆಯಷ್ಟೇ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತಂದಿದ್ದೆವು. ಅದನ್ನೇ ಕಾರ್ಡಿಗೆ ಹಾಕಿದೆವು. ನಾವು ಸಕ್ಕರೆ ಕಡ ತಂದದ್ದು ಬಾರೋ. ಪಕ್ಕದ ಮನೆಯ ಅತ್ತೆ ನಮಗೆ ಕಡ ಕೊಟ್ಟದ್ದು ಲೆಂಡ್. ಅದರ ಕೆಳಗೆ ಪೂರ್ತಿ ಇಂಗ್ಲಿಷ್ ವಾಕ್ಯ. ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಅಲ್ಲಿಂದ ಒಂಟಿ ಪದದ ಕಾರ್ಡ್ ಬರೆಯುವುದನ್ನೇ ಬಿಟ್ಟೆವು.

ಇನ್ನೊಂದು ಮಾತು. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಸುಲಭ. ಕನ್ನಡ ನೋಡಿ ಇಂಗ್ಲಿಷ್ ಹೇಳುವುದೇ ಕಷ್ಟ, ಮಾತಾಡುವಾಗ ಬೇಕಾಗುವುದೂ ಅದೇ. ಉಲ್ಟಾ ಕಾರ್ಡನ್ನೂ ತಾನೇ ಮಾಡಿಕೊಡುವ ಸೌಲಭ್ಯ ಇದೆ, ಅದನ್ನು ಆರಿಸಿಕೊಳ್ಳಿ. ಕನ್ನಡ ಪದಕ್ಕೆ ಸರಿಯಾದ ಇಂಗ್ಲಿಷ್ ಹೊಳೆಯದಿದ್ದಾಗ ನಾನು ಅಲರ್ ನೋಡುತ್ತೇನೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಅವರಿಗೆ ನಮಸ್ಕಾರ.

ಒಂಬತ್ತನೇ ಕ್ಲಾಸಿನ ಕೊನೆಗೆ ಒಂದು ಆಘಾತವಾಯಿತು. ಫೋನ್ ರಿಪೇರಿಗೆ ಕೊಟ್ಟಿದ್ದೆ. ಅಂಗಡಿಯವರು ಹೇಳದೆ ಕೇಳದೆ ರೀಸೆಟ್ ಮಾಡಿಬಿಟ್ಟರು. ಸುಮಾರು 1,100 ಕಾರ್ಡ್ ಹೋದವು. ಆಂಕಿಯವರದೇ ವೆಬ್‌ಸೈಟ್ ಆಂಕಿವೆಬ್‌ನಲ್ಲಿ ಉಚಿತ ಖಾತೆ ತೆರೆದು ಸಿಂಕ್ ಮಾಡಿದ್ದರೆ, ಅಂದರೆ ಅಲ್ಲೂ ಒಂದು ಪ್ರತಿ ಇಟ್ಟಿದ್ದರೆ, ಎಲ್ಲ ಉಳಿಯುತ್ತಿತ್ತು. ನೀವು ಮೊದಲ ದಿನವೇ ಅದನ್ನು ಮಾಡಿ. ಅವಳ ನೋಟ್‌ಬುಕ್ಕಿನಲ್ಲಿದ್ದದ್ದನ್ನು ನೋಡಿಕೊಂಡು ರಜೆಯಲ್ಲಿ ಇಬ್ಬರೂ ಕೂತು ಮತ್ತೆ ಬರೆದೆವು. ಈಗ 2,900ರ ಹತ್ತಿರ ಇವೆ.

ಆಂಕಿ ಪದ ಉಳಿಸಿಕೊಡುತ್ತದೆ, ಮಾತು ಕಲಿಸುವುದಿಲ್ಲ. ಕಾರ್ಡಿನಲ್ಲಿ ಕಂಡ ಪದ ಕಥೆಯಲ್ಲೋ ಪೇಪರಿನಲ್ಲೋ ಎದುರಾಗಬೇಕು. ಅದಕ್ಕೆ ನಾವು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಕಥೆಗಳ ವೆಬ್‌ಸೈಟ್‌ನಲ್ಲಿ ಒಂದೇ ಕಥೆಯನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಓದುತ್ತಿದ್ದೆವು. ಅದೂ ಉಚಿತ. ಆಂಕಿ ಆಪ್ ನೋಡಲು ಸಾದಾ, ಆಟದ ಥರ ಏನೂ ಇಲ್ಲ. ಚಿಕ್ಕ ಮಕ್ಕಳಾದರೆ ಮೊದಲ ಎರಡು ತಿಂಗಳು ದೊಡ್ಡವರು ಪಕ್ಕದಲ್ಲಿ ಕೂರಲೇಬೇಕು.

ಕಾಲೇಜು ಶುರುವಾದ ಎರಡನೇ ವಾರ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. "ಅಮ್ಮ, ಫಿಸಿಕ್ಸ್ ಸರ್ ಸ್ಪೀಡಿಗೂ ವೆಲಾಸಿಟಿಗೂ ಏನು ವ್ಯತ್ಯಾಸ ಅಂತ ಕೇಳಿದ್ರು. ನಾನೇ ಎದ್ದು ಹೇಳ್ದೆ, ಇಂಗ್ಲಿಷಲ್ಲೇ." ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈಗ ಮಗನ ಸರದಿ, ಆರನೇ ಕ್ಲಾಸು. ಅಕ್ಕನ ಕಾರ್ಡ್‌ಗಳನ್ನೇ ಕೊಡು ಅಂತ ಹಟ ಹಿಡಿದ. ಕೊಡಲಿಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುವಾಗ ಸಿಪ್ಪೆಗೆ ಇಂಗ್ಲಿಷಿನಲ್ಲಿ ಏನು ಅಂತ ಕೇಳಿದ್ದ. ಹಸ್ಕ್. ಅವನ ಮೊದಲ ಕಾರ್ಡ್ ಅದು.