ಹರಿಹರದ ಶಾಸನ ಹುಡುಕಲು ಬಳಸಿದ ಮೂರು ತಾಣಗಳು

ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಕಟ್ಟಿಸಿದ್ದು ಹೊಯ್ಸಳರ ದಂಡನಾಯಕ ಪೋಲಾಳ್ವ. ಅದನ್ನು ಹೇಳುವ ಶಾಸನವನ್ನು ಪೂರ್ತಿ ಓದಬೇಕು ಅನ್ನೋದು ನನ್ನ ಬಹಳ ದಿನಗಳ ಆಸೆ. ದಾವಣಗೆರೆಯ ಮನೆಯಲ್ಲೇ ಕೂತು ಇಂಟರ್ನೆಟ್ ಆರ್ಕೈವ್ (ಹಳೇ ಪುಸ್ತಕಗಳು ಸಿಗುವ ತಾಣ), ಶೋಧಗಂಗಾ (ಭಾರತದ ಪಿಎಚ್‌ಡಿ ಪ್ರಬಂಧಗಳ ತಾಣ), ಜೆಸ್ಟೋರ್ (ವಿದ್ವತ್ ಪತ್ರಿಕೆಗಳ ಲೇಖನಗಳ ತಾಣ) ಈ ಮೂರು ಜಾಲತಾಣಗಳಲ್ಲೂ ಹುಡುಕಿದೆ.

ಶಾಸನ ಸಿಕ್ಕಿದ್ದು ಆರ್ಕೈವ್‌ನಲ್ಲಿ. ಬ್ರಿಟಿಷರ ಕಾಲದ ವಿದ್ವಾಂಸ ಬಿ.ಎಲ್. ರೈಸ್ ಅವರು ಜಿಲ್ಲಾವಾರು ಶಾಸನಗಳನ್ನು ಕೂಡಿಸಿ ತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ 11ನೇ ಸಂಪುಟ ನಮ್ಮ ಹಳೇ ಚಿತ್ರದುರ್ಗ ಜಿಲ್ಲೆಯದ್ದು. ಆದರೆ ಇಂಗ್ಲಿಷಿನಲ್ಲಿ 'ಚಿತ್ರದುರ್ಗ' ಅಂತ ಹಾಕಿದಾಗ ಅದು ಬರಲೇ ಇಲ್ಲ. ಬ್ರಿಟಿಷರು ಬರೆಯುತ್ತಿದ್ದ ಹಾಗೆ 'ಚಿತಲ್‌ಡ್ರೂಗ್' ಅಂತ ಹಾಕಿದ ಮೇಲೆ ಬಂತು. ಒಳಗೆ ಇನ್ನೊಂದು ತೊಡಕು. ಅದರಲ್ಲಿ ಹರಿಹರ ತಾಲ್ಲೂಕು ಅಂತಲೇ ಇಲ್ಲ! ಆಗ ಹರಿಹರ ದಾವಣಗೆರೆ ತಾಲ್ಲೂಕಿಗೆ ಸೇರಿತ್ತು. ಅಲ್ಲಿನ ಶಾಸನಗಳೆಲ್ಲ ದಾವಣಗೆರೆಯನ್ನು ಸೂಚಿಸುವ 'ಡಿಜಿ' ಅನ್ನುವ ಗುರುತಿನ ಕೆಳಗಿವೆ. ಇದು ಗೊತ್ತಿಲ್ಲದೆ ಒಂದು ಸಂಜೆ ಪೂರ್ತಿ ಸುಮ್ನೆ ಪುಟ ತಿರುವಿದೆ. ನಾನು ತೆರೆದ ಪ್ರತಿಯಲ್ಲಿ ಇಂಗ್ಲಿಷ್ ಅನುವಾದದೊಳಗೆ ಪದ ಹುಡುಕಲು ಬರುತ್ತದೆ. ಶಾಸನದ ಕನ್ನಡ ಮೂಲಪಾಠಕ್ಕೆ ಮಾತ್ರ ಕಣ್ಣೇ ಗತಿ.

ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳು ಅಧ್ಯಾಯಕ್ಕೊಂದು ಫೈಲ್‌ನಂತೆ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಕನ್ನಡ ಪ್ರಬಂಧಗಳಲ್ಲಿ ಒಂದು ಕಷ್ಟ ಇದೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ 'ಹರಿಹರ' ಅಂತ ಹುಡುಕಿದರೂ ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ನೋಡಿದೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಆದರೂ ನನಗೆ ಜಾಸ್ತಿ ಕಲಿಸಿದ್ದು ಇದೇ ತಾಣ. ಕೊನೆಯ ಫೈಲ್‌ನಲ್ಲಿ ಗ್ರಂಥಸೂಚಿ ಇರುತ್ತದೆ ಅಲ್ವಾ, ಅದನ್ನೇ ಮೊದಲು ತೆರೆಯಿರಿ. ಯಾರೋ ವರ್ಷಗಟ್ಟಲೆ ಅಲೆದು ಕೂಡಿಸಿದ ಪಟ್ಟಿ ಅದು. ರೈಸ್ ಅವರ ಸಂಪುಟದ ಸಂಖ್ಯೆ ನನಗೆ ಸಿಕ್ಕಿದ್ದೂ ಅಲ್ಲೇ.

ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲೇ ಓದಬಹುದು. ಹೆಚ್ಚಿನವು ಇಂಗ್ಲಿಷಿನವು. ಹೊಯ್ಸಳ ವಾಸ್ತುಶಿಲ್ಪದ ಬಗ್ಗೆ ವಿದ್ವಾಂಸರ ಚರ್ಚೆ ಓದಬೇಕಾದರೆ ಒಳ್ಳೆಯದು. ನಮ್ಮ ಊರಿನ ಮೂಲ ಪಾಠ ಬೇಕು ಅನ್ನುವವರು ಇಲ್ಲಿಂದ ಶುರು ಮಾಡಬೇಡಿ.

ಈಗ ಯಾವ ಊರಿನ ಶಾಸನ ಬೇಕಾದರೂ ಮೊದಲು ಶೋಧಗಂಗಾದ ಗ್ರಂಥಸೂಚಿ ನೋಡುತ್ತೇನೆ, ಆಮೇಲೆ ಆರ್ಕೈವ್. ಪೋಲಾಳ್ವನ ಶಾಸನದ ಪುಟಗಳನ್ನು ಪ್ರಿಂಟ್ ಹಾಕಿಸಿಟ್ಟಿದ್ದೇನೆ. ಈ ಭಾನುವಾರ ಹರಿಹರದ ಬಸ್ ಹತ್ತಿ, ಕಲ್ಲಿನ ಮುಂದೆ ನಿಂತು ಒಂದೊಂದೇ ಸಾಲು ಹೋಲಿಸಿ ಓದಬೇಕು.